ನಗಿಸುವ ಅಡುಗೆ ಪುಸ್ತಕಗಳು: ಯಾವುದನ್ನು ಒಲೆ ಮೇಲೆ ಇಡಬಹುದು, ಯಾವುದನ್ನು ಓದಿ ಬಿಡಬೇಕು?

ಒಗ್ಗರಣೆಸೌಟು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಓದಿದರೆ ನಗು ಬರಬೇಕು, ಪುಸ್ತಕ ಅಡುಗೆಯದ್ದೇ ಆಗಿರಬೇಕು. ಅಂಥವುಗಳ ಒಂದು ಪಟ್ಟಿ ಮಾಡ್ತಾ ಇದ್ದೀನಿ. ಹುಡುಕಿದರೆ ಸಿಗುವ ಪಟ್ಟಿಗಳಲ್ಲಿ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದಿರ್ತಾರೆ. ಹೆಸರು ಮಾತ್ರ ವಿಚಿತ್ರ ಇರುವುದು, ಚಿತ್ರ ನೋಡಲಿಕ್ಕೆ ಮಾತ್ರ ಲಾಯಕ್ಕಾದ್ದು, ನಿಜವಾಗಿ ಅಡುಗೆ ಆಗುವಂಥದ್ದು, ಎಲ್ಲ ಬೆರಕೆ. ನನಗೆ ತಿಳಿಯಬೇಕಾದ್ದು ಇಷ್ಟು: ಯಾವ ಪುಸ್ತಕದ ಪಾಕ ಕೆಲಸ ಮಾಡುತ್ತೆ, ಯಾವುದು ಓದಿಗೆ ಮಾತ್ರ? ಮಾಡುವುದಾದರೆ ಎಲ್ಲಿ ಕೆಡುತ್ತೆ, ಯಾಕೆ? ಮನೆಯಲ್ಲಿ ಓವನ್ ಇಲ್ಲ. ಗ್ಯಾಸ್ ಒಲೆ, ಕುಕ್ಕರ್, ದಪ್ಪ ತಳದ ಪಾತ್ರೆ ಇವೆ. ಊಟ ಸಸ್ಯಾಹಾರ. ಹತ್ತು ವರ್ಷದ ಮಗುವಿಗೆ ಕೊಡಬಹುದಾದ ಒಂದು ಪುಸ್ತಕವೂ ಬೇಕು. ಇಂಗ್ಲಿಷ್ ಆದರೂ ಸರಿ, ಕನ್ನಡದ್ದಿದ್ದರೆ ಇನ್ನೂ ಸಂತೋಷ.

ಸಣ್ಣಉರಿ

ಮೊದಲು ಕೊಳ್ಳಬೇಕಾದ್ದು ಪೆಗ್ ಬ್ರ್ಯಾಕನ್ ಅವರ ‘ದಿ ಐ ಹೇಟ್ ಟು ಕುಕ್ ಬುಕ್’. ಅಮೆರಿಕದಲ್ಲಿ 1960ರಲ್ಲಿ ಬಂದದ್ದು, ಚಿತ್ರಗಳು ಹಿಲರಿ ನೈಟ್ ಅವರವು. 30 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿದೆ. 2010ರಲ್ಲಿ ಐವತ್ತನೇ ವರ್ಷದ ಮುದ್ರಣ ಬಂತು, ಅದನ್ನೇ ತರಿಸಿ. ಜಾಹೀರಾತು ಬರೆಯುತ್ತಿದ್ದ ಹೆಂಗಸು ಅಡುಗೆಮನೆಯ ಬೇಸರವನ್ನು ಮುಚ್ಚಿಡದೆ ಬರೆದ ಪುಸ್ತಕ ಇದು. ಆದರೆ ಪಾಕ ಬರೆಯುವಾಗ ಆಕೆ ಎಲ್ಲೂ ಕೈಬಿಟ್ಟಿಲ್ಲ.

ಇದರಲ್ಲಿ ತುಂಬ ಹೆಸರಾದದ್ದು ಸ್ಕಿಡ್ ರೋಡ್ ಸ್ಟ್ರೋಗನಾಫ್, ಅಂದರೆ ಮಾಂಸ, ಅಣಬೆಗೆ ಡಬ್ಬಿಯ ಸೂಪ್ ಸುರಿದು ಕೊನೆಗೆ ಸೋರ್ ಕ್ರೀಮ್ (ಹುಳಿ ಕೆನೆ) ಬೆರೆಸುವ ಅಡುಗೆ. ಬೆಳ್ಳುಳ್ಳಿ, ಈರುಳ್ಳಿ, ಮಾಂಸ ಹುರಿದು, ಮೈದಾ, ಉಪ್ಪು, ಪ್ಯಾಪ್ರಿಕಾ, ಅಣಬೆ ಹಾಕಿ, ಐದು ನಿಮಿಷ ಬೇಯಲು ಬಿಟ್ಟು, ಅಷ್ಟರಲ್ಲಿ ಸಿಗರೇಟ್ ಹಚ್ಚಿಕೊಂಡು ಸಿಂಕನ್ನು ಮುಖ ಗಂಟಿಕ್ಕಿ ನೋಡುತ್ತಾ ನಿಲ್ಲಿ ಅನ್ನುತ್ತಾರೆ ಬ್ರ್ಯಾಕನ್. ಎಲ್ಲರೂ ಈ ಸಾಲನ್ನು ಹೇಳಿಕೊಂಡು ನಗ್ತಾರೆ. ನನಗೆ ಅದರಲ್ಲಿ ಹೆಚ್ಚು ಇಷ್ಟವಾಗುವುದು ಆ ಐದು ನಿಮಿಷ. ಮೈದಾ ಹಾಕಿದ ಕೂಡಲೇ ಸೂಪ್ ಸುರಿದರೆ ಹಸಿಹಿಟ್ಟಿನ ವಾಸನೆ ಕೊನೆತನಕ ಉಳಿಯುತ್ತೆ. ಎಣ್ಣೆಯಲ್ಲಿ ನಾಲ್ಕೈದು ನಿಮಿಷ ಬೆಂದರೆ ಹೋಗುತ್ತೆ. ಅಡುಗೆ ಗೊತ್ತಿಲ್ಲದವರನ್ನು ಐದು ನಿಮಿಷ ಒಲೆ ಮುಂದೆ ಸುಮ್ಮನೆ ನಿಲ್ಲಿಸಲು ಅದಕ್ಕಿಂತ ಒಳ್ಳೆ ಉಪಾಯ ಇಲ್ಲ. ಹಾಸ್ಯ ಮತ್ತು ಸೂಚನೆ ಒಂದೇ ಸಾಲಿನಲ್ಲಿ ಬಂದಿದೆ. ಇಂಥ ಪುಸ್ತಕ ಅಡುಗೆಗೂ ಆಗುತ್ತೆ.

ಸಸ್ಯಾಹಾರಕ್ಕೆ ಹೀಗೆ ಬದಲಿಸಿ (ನಾಲ್ವರಿಗೆ):

ಬಟನ್ ಅಣಬೆ 400 ಗ್ರಾಂ, ದಪ್ಪ ಈರುಳ್ಳಿ 1, ಬೆಳ್ಳುಳ್ಳಿ 3 ಎಸಳು, ಎಣ್ಣೆ 2 ಟೇಬಲ್ ಚಮಚ, ಮೈದಾ 2 ಟೇಬಲ್ ಚಮಚ, ಪ್ಯಾಪ್ರಿಕಾ ಬದಲು ಬ್ಯಾಡಗಿ ಮೆಣಸಿನಪುಡಿ ½ ಟೀ ಚಮಚ. ಬ್ಯಾಡಗಿಯೇ ಬೇಕು, ಬಣ್ಣ ಬರುತ್ತೆ, ಖಾರ ಏರಲ್ಲ. ಉಪ್ಪು 1 ಟೀ ಚಮಚದಿಂದ ಶುರುಮಾಡಿ.

ಮೂಲದಲ್ಲಿರುವ ಡಬ್ಬಿಯ ಗಟ್ಟಿ ಚಿಕನ್ ಸೂಪಿನ ಜಾಗಕ್ಕೆ ಬಿಳಿ ಸಾಸ್: ಬೆಣ್ಣೆ 2 ಟೇಬಲ್ ಚಮಚ ಕರಗಿಸಿ, ಮೈದಾ 3 ಟೇಬಲ್ ಚಮಚ ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿದು, ಹಾಲು 300 ಮಿಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಪುಡಿ ಸೂಪಿನ ಪ್ಯಾಕೆಟ್ ಇದಕ್ಕೆ ಆಗಿಬರಲ್ಲ. ಅದರಲ್ಲಿ ಮೆಕ್ಕೆಜೋಳದ ಗಂಜಿಹಿಟ್ಟಿನದ್ದೇ ಕಾರುಬಾರು, ಹೆಚ್ಚು ಹೊತ್ತು ಕುದಿಸಿದರೆ ಮತ್ತೆ ನೀರಾಗುತ್ತೆ.

ಕೆಡುವ ಜಾಗ ಎರಡು. ಒಂದು, ಅಣಬೆ ನೀರು ಬಿಡುತ್ತೆ. ಅಗಲ ಬಾಣಲೆಯಲ್ಲಿ ದೊಡ್ಡ ಉರಿ ಇಟ್ಟು ಆ ನೀರು ಪೂರ್ತಿ ಇಂಗಿ, ಅಣಬೆ ಅಂಚು ಕೆಂಪಾದ ಮೇಲೆಯೇ ಮೈದಾ ಹಾಕಿ. ಮೊದಲೇ ಹಾಕಿದರೆ ಗಂಟು ಗಂಟಾಗುತ್ತೆ. ಎರಡನೆಯದು ಸೋರ್ ಕ್ರೀಮ್, ಅದನ್ನು ಬೇಕಾದರೆ ಬೇರೆಯಾಗಿ ಬರೀತೀನಿ.

ಅದೇ ಪುಸ್ತಕದ ಸ್ಟೇ-ಅ-ಬೆಡ್ ಸ್ಟ್ಯೂ ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲದ ದಿನಕ್ಕೆ. ಮಾಂಸ, ಬಟಾಣಿ, ಕ್ಯಾರೆಟ್, ಈರುಳ್ಳಿ, ಆಲೂಗಡ್ಡೆ, ಟೊಮೆಟೊ ಸೂಪ್, ಒಂದು ಪಲಾವ್ ಎಲೆ, ಎಲ್ಲ ಒಂದೇ ಪಾತ್ರೆಗೆ ಹಾಕಿ, ಬಿಗಿ ಮುಚ್ಚಳ ಮುಚ್ಚಿ 275 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಐದು ಗಂಟೆ. ಅಂದರೆ 135 ಡಿಗ್ರಿ ಸೆಲ್ಸಿಯಸ್. ಎರಡು ಪೌಂಡ್ ಮಾಂಸದ ಬದಲು 350 ಗ್ರಾಂ ಒಣ ಕಾಬೂಲಿ ಕಡಲೆ ರಾತ್ರಿ ನೆನೆಸಿ ಬಳಸಬಹುದು. ಆದರೆ ಇಲ್ಲಿ ‘ಎಲ್ಲ ಒಟ್ಟಿಗೆ’ ಅನ್ನುವ ಮಾತು ನಡೆಯಲ್ಲ. ಟೊಮೆಟೊ ಹುಳಿ ಬಿದ್ದರೆ ಕಾಳು ಮೆತ್ತಗಾಗುವುದು ಬಹಳ ನಿಧಾನ. ಕಡಲೆಯನ್ನು ಕುಕ್ಕರಿನಲ್ಲಿ ಬೇರೆ ಬೇಯಿಸಿ, ಬೆರಳಲ್ಲಿ ಹಿಸುಕಿದರೆ ನುರಿಯುವಂತಾದ ಮೇಲೆ ತರಕಾರಿ, ಟೊಮೆಟೊ ಸೇರಿಸಿ ದಪ್ಪ ತಳದ ಪಾತ್ರೆಗೆ ಬಗ್ಗಿಸಿ. ಪಾತ್ರೆ ಅಡಿಗೆ ಹಳೆ ಕಬ್ಬಿಣದ ಕಾವಲಿ ಇಟ್ಟು, ಅತಿ ಸಣ್ಣ ಉರಿಯಲ್ಲಿ 45 ನಿಮಿಷ. ಗಟ್ಟಿ ಸೂಪನ್ನು ಕುಕ್ಕರಿಗೇ ಹಾಕಿದರೆ ಹಬೆ ಏಳುವ ಮೊದಲೇ ತಳ ಹಿಡಿಯುತ್ತೆ.

ಅಳತೆಲೋಟ

ಸಣ್ಣಉರಿ ಅವರ ಮಾತಿಗೆ ಒಂದು ಸೇರ್ಪಡೆ. ಹಳೆ ಇಂಗ್ಲಿಷ್ ಅಡುಗೆ ಪುಸ್ತಕ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅದು ಯಾವ ದೇಶದ್ದು ಅಂತ. ಅಮೆರಿಕದ ಕಪ್ ಸುಮಾರು 240 ಮಿಲಿ, ಟೇಬಲ್ ಚಮಚ 15 ಮಿಲಿ. ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿ. ಅಮೆರಿಕದ ಪೈಂಟ್ 473 ಮಿಲಿ, ಬ್ರಿಟನ್ನಿನದ್ದು 568. ‘ಒಂದು ಸ್ಟಿಕ್ ಬೆಣ್ಣೆ’ ಅಂದರೆ 113 ಗ್ರಾಂ. ಗ್ಯಾಸ್ ಮಾರ್ಕ್ 4 ಅಂತ ಇದ್ದರೆ ಅದು ಬ್ರಿಟಿಷ್ ಪುಸ್ತಕ, 180 ಡಿಗ್ರಿ ಸೆಲ್ಸಿಯಸ್.

‘ಹೆವಿ ಕ್ರೀಮ್’ ಅಂದಲ್ಲಿ ಎಚ್ಚರ. ಅದರಲ್ಲಿ ಕೊಬ್ಬು 36 ಶೇಕಡಾ ಅಥವಾ ಮೇಲೆ. ನಮ್ಮ ಅಂಗಡಿಯ ಚಿಕ್ಕ ಪೆಟ್ಟಿಗೆಯ ಕ್ರೀಮಿನಲ್ಲಿ ಸಾಮಾನ್ಯವಾಗಿ 25 ಶೇಕಡಾ. ಎಷ್ಟು ಕಡೆದರೂ ಗಟ್ಟಿಯಾಗಿ ನಿಲ್ಲಲ್ಲ. ಸಾಸಿಗೆ ಆಗುತ್ತೆ, ಕೇಕಿನ ಮೇಲೆ ಹಚ್ಚಲು ಆಗಲ್ಲ. ತಮಾಷೆ ಪುಸ್ತಕದ ಪಾಕ ಕೆಟ್ಟಾಗ ‘ಇದು ತಮಾಷೆಗೆ ಬರೆದದ್ದು, ಅದಕ್ಕೇ ಕೆಟ್ಟಿತು’ ಅಂತ ಜನ ಬಿಟ್ಟುಬಿಡ್ತಾರೆ. ಬಹಳ ಸಲ ತಪ್ಪು ಅಳತೆಯದ್ದು.

ಗೇರುಬದಲು

ಪಟ್ಟಿಗೆ ‘ಮ್ಯಾನಿಫೋಲ್ಡ್ ಡೆಸ್ಟಿನಿ’ ಸೇರಲೇಬೇಕು. ಕ್ರಿಸ್ ಮೇನಾರ್ಡ್ ಮತ್ತು ಬಿಲ್ ಶೆಲ್ಲರ್ ಬರೆದದ್ದು, ಮೊದಲು ಬಂದದ್ದು 1989ರಲ್ಲಿ. ಓಡುತ್ತಿರುವ ಕಾರಿನ ಎಂಜಿನ್ ಮೇಲೆ ಅಡುಗೆ ಮಾಡುವ ಪುಸ್ತಕ. ಬೇಯುವ ಸಮಯವನ್ನು ನಿಮಿಷದಲ್ಲಿ ಅಲ್ಲ, ಮೈಲಿಯಲ್ಲಿ ಕೊಟ್ಟಿದ್ದಾರೆ. ಓದುವವರು ಕಟ್ಟುಕತೆ ಅಂದುಕೊಳ್ತಾರೆ. ಆದರೆ ವಿಧಾನವನ್ನು ತಾಳ್ಮೆಯಿಂದ, ಸರಿಯಾಗಿ ವಿವರಿಸಿದ್ದಾರೆ.

ಸಾರಾಂಶ ಇದು. ಆಹಾರವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಮೂರು ಸುತ್ತು, ಒಂದೊಂದನ್ನೂ ಬೇರೆ ಬೇರೆಯಾಗಿ ಮಡಚಿ ಸುತ್ತಬೇಕು. ಒಂದು ಪದರ ಹರಿದರೆ ಇನ್ನೆರಡು ಕಾಯುತ್ತವೆ. ಒಳಗೆ ರಸ ಹೆಚ್ಚಿರಬಾರದು. ಬಾನೆಟ್ ಕೆಳಗೆ ಎಷ್ಟು ಜಾಗ ಇದೆ ಅಂತ ತಿಳಿಯಲು ಹಾಳೆಯಿಂದ ಸುಮಾರು ಐದು ಇಂಚಿನ ಶಂಕು ಮಾಡಿ, ಎಂಜಿನ್ ಮೇಲೆ ನಿಲ್ಲಿಸಿ, ಬಾನೆಟ್ ಮುಚ್ಚಿ ತೆಗೆಯಬೇಕು. ಶಂಕು ಎಷ್ಟು ಅಪ್ಪಚ್ಚಿಯಾಗಿದೆಯೋ ಅದರಿಂದ ಪೊಟ್ಟಣ ಎಷ್ಟು ದಪ್ಪ ಇರಬೇಕು ಅನ್ನುವುದು ಗೊತ್ತಾಗುತ್ತೆ. ತೀರಾ ಸಡಿಲವಿದ್ದರೆ ಪೊಟ್ಟಣ ಜಾರಿ ಬೀಳುತ್ತೆ, ತೀರಾ ಬಿಗಿಯಾದರೆ ಒಡೆಯುತ್ತೆ. ಆಕ್ಸಿಲರೇಟರಿಗೆ ಸಂಬಂಧಿಸಿದ ಕೊಂಡಿಗಳ ಹತ್ತಿರ ಏನನ್ನೂ ಇಡಬಾರದು ಅಂತ ಒತ್ತಿ ಹೇಳ್ತಾರೆ. ಇಡುವುದು, ತೆಗೆಯುವುದು ಎಂಜಿನ್ ಆರಿಸಿದ ಮೇಲೆಯೇ.

ಈಗ ಇದನ್ನು ಮಾಡಬಹುದಾ? ನನ್ನ ಉತ್ತರ: ಬೇಡ, ಓದಿ ಆನಂದಿಸಿ. ಇಂದಿನ ಕಾರುಗಳಲ್ಲಿ ಎಂಜಿನ್ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರುತ್ತೆ, ಅದರ ಮೇಲೆ ಇಟ್ಟರೆ ಏನೂ ಬೇಯಲ್ಲ. ಬಿಸಿ ಜಾಗ ಇರುವುದು ಎಕ್ಸಾಸ್ಟ್ ಕಡೆ. ಅಲ್ಲಿ ನೂರಾರು ಡಿಗ್ರಿ ಕಾವು, ಸುತ್ತಲೂ ವೈರು, ರಬ್ಬರ್ ಕೊಳವೆ. ಪೊಟ್ಟಣ ಒಡೆದು ತುಪ್ಪವೋ ಎಣ್ಣೆಯೋ ಸೋರಿದರೆ ಬೆಂಕಿ ಹತ್ತುವ ಅಪಾಯ ನಿಜ. ಮೈಲಿ ಲೆಕ್ಕವೂ ಹೆದ್ದಾರಿಯ ಓಟಕ್ಕೆ ಹೊಂದುವಂಥದ್ದು. 60 ಮೈಲಿ ಅಂದರೆ 97 ಕಿಲೋಮೀಟರ್, ಬೆಂಗಳೂರಿನ ಒಳಗೆ ಅಷ್ಟು ದೂರ ಸಾಗುವ ಹೊತ್ತಿಗೆ ಏನಿದ್ದರೂ ಸೀದು ಹೋಗಿರುತ್ತೆ. ಮಾಂಸ, ಕೋಳಿಯಂತೂ ಅಲ್ಲಿ ಇಡಲೇಬೇಡಿ. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯೋ ಇಲ್ಲವೋ ನೋಡದೆ ತಿನ್ನುವುದು ಸರಿಯಲ್ಲ.

ಪೊಟ್ಟಣದ ವಿಧಾನವನ್ನು ಮಾತ್ರ ಒಲೆ ಮೇಲೆ ಬಳಸಿಕೊಳ್ಳಿ. ಪನೀರ್ 200 ಗ್ರಾಂ, ದಪ್ಪಮೆಣಸಿನಕಾಯಿ, ಈರುಳ್ಳಿ, ಉಪ್ಪು, ಎಣ್ಣೆ 1 ಟೇಬಲ್ ಚಮಚ. ಹಾಳೆಯ ಒಳಮೈಗೆ ಎಣ್ಣೆ ಸವರಿ, ಪೊಟ್ಟಣ ಎರಡು ಇಂಚಿಗಿಂತ ದಪ್ಪ ಆಗದಂತೆ ಚಪ್ಪಟೆ ಮಾಡಿ, ಮಡಿಕೆ ಮೇಲ್ಮುಖವಾಗಿರಲಿ. ಕಾವಲಿ ಮೇಲೆ ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಎಂಟು ನಿಮಿಷ. ತಿರುವಿ ಹಾಕುವಾಗ ಇಕ್ಕಳದಿಂದ ಒತ್ತಬೇಡಿ. ಹುಣಸೆ, ಟೊಮೆಟೊ, ನಿಂಬೆಯಂಥ ಹುಳಿಯನ್ನು ಒಳಗೆ ಹಾಕಬೇಡಿ, ಅಲ್ಯೂಮಿನಿಯಂ ಹುಳಿಗೆ ಕರಗುತ್ತೆ. ನಿಂಬೆ ಹಿಂಡುವುದು ತಟ್ಟೆಗೆ ಬಡಿಸಿದ ಮೇಲೆ.

ಒಗ್ಗರಣೆಸೌಟು

ಗೇರುಬದಲು ಅವರೇ, ಆ ಶಂಕುವಿನ ಉಪಾಯ ಬಹಳ ಇಷ್ಟವಾಯಿತು. ಸಣ್ಣಉರಿ ಅವರೇ, ಸೋರ್ ಕ್ರೀಮ್ ಬದಲು ಮೊಸರು ಹಾಕಿದರೆ ಒಡೆಯುತ್ತಲ್ಲ, ಅದನ್ನೂ ಹೇಳಿಬಿಡಿ.

ಸಣ್ಣಉರಿ

ಸೋರ್ ಕ್ರೀಮಿನಲ್ಲಿ ಕೊಬ್ಬು ಸುಮಾರು 18ರಿಂದ 20 ಶೇಕಡಾ. ಮನೆ ಮೊಸರಿನಲ್ಲಿ ಮೂರು ನಾಲ್ಕು, ಎಮ್ಮೆ ಹಾಲಿನದಾದರೆ ಆರೇಳು. ಕೊಬ್ಬು ಕಡಿಮೆ, ನೀರು ಹೆಚ್ಚು, ಜೊತೆಗೆ ಹುಳಿ ಇದ್ದಾಗ ಕುದಿಯುವ ಬಿಸಿಗೆ ಹಾಲಿನ ಪ್ರೋಟೀನು ಗಂಟಾಗಿ ನೀರು ಬೇರೆಯಾಗುತ್ತೆ. ನಾವು ‘ಒಡೆಯಿತು’ ಅನ್ನೋದು ಅದನ್ನೇ.

ಹುಳಿ ಏರದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಮೂರು ಗಂಟೆ ನೇತುಹಾಕಿ. ಆ ಗಟ್ಟಿ ಮೊಸರು ¾ ಕಪ್, ಪೆಟ್ಟಿಗೆ ಕ್ರೀಮ್ ¼ ಕಪ್, ಮೈದಾ 1 ಟೀ ಚಮಚ ಸೇರಿಸಿ ಚೆನ್ನಾಗಿ ಕಡೆಯಿರಿ. ಅದಕ್ಕೆ ಬಾಣಲೆಯಿಂದ ಎರಡು ಸೌಟು ಬಿಸಿ ಸಾಸ್ ಹಾಕಿ ಕಲಸಿಕೊಳ್ಳಿ. ಒಲೆ ಆರಿಸಿ ಎರಡು ನಿಮಿಷ ಬಿಟ್ಟು ಆ ಮಿಶ್ರಣವನ್ನು ಬಾಣಲೆಗೆ ಬಗ್ಗಿಸಿ. ಆಮೇಲೆ ಮತ್ತೆ ಕುದಿಸಬೇಡಿ. ಮಜ್ಜಿಗೆ ಹುಳಿಗೆ ಅಕ್ಕಿ, ಕಡಲೆಬೇಳೆ ರುಬ್ಬಿ ಹಾಕಿದಾಗ ಆಗುವ ಕೆಲಸವನ್ನೇ ಇಲ್ಲಿ ಮೈದಾ ಮಾಡುತ್ತೆ.

ಹಸಿರುಪೆಟ್ಟಿಗೆ

ಕಲಾವಿದರ ಪುಸ್ತಕಗಳನ್ನು ಯಾರೂ ಹೇಳಿಲ್ಲ. ಎರಡು ಇವೆ, ಒಂದಕ್ಕೊಂದು ತೀರಾ ಬೇರೆ.

ಇಟಲಿಯ ಕವಿ ಮರಿನೆಟ್ಟಿಯ ‘ಲಾ ಕುಚಿನಾ ಫುತುರಿಸ್ತಾ’ (ಭವಿಷ್ಯವಾದಿ ಅಡುಗೆ), 1932. ಅದಕ್ಕೂ ಮುಂಚೆ 1930ರ ಡಿಸೆಂಬರ್ 28ರಂದು ಟ್ಯೂರಿನ್ನಿನ ಪತ್ರಿಕೆಯೊಂದರಲ್ಲಿ ಪಾಸ್ತಾ ತಿನ್ನುವುದನ್ನೇ ಬಿಡಬೇಕು ಅಂತ ಪ್ರಣಾಳಿಕೆ ಹೊರಡಿಸಿದ್ದ. 1931ರ ಮಾರ್ಚ್‌ನಲ್ಲಿ ಅದೇ ಊರಲ್ಲಿ ಈ ತತ್ವದ ಊಟದ ಮನೆಯೂ ತೆರೆಯಿತು. ಇಟಲಿಯಲ್ಲಿ ಪಾಸ್ತಾ ಬಿಡಿ ಅನ್ನುವುದು ಉಡುಪಿಯಲ್ಲಿ ಸಾರು ಬಿಡಿ ಅಂದ ಹಾಗೆ, ಗಲಾಟೆ ಆಗಲೇಬೇಕಿತ್ತು.

ಇದರಲ್ಲಿ ಮನೆಯಲ್ಲಿ ಮಾಡಬಹುದಾದ್ದು ‘ಏರೋಫುಡ್’. ತಟ್ಟೆಯಲ್ಲಿ ಕಪ್ಪು ಆಲಿವ್, ಸೋಂಪಿನ ಗಡ್ಡೆಯ ತಿರುಳು, ಕಮ್‌ಕ್ವಾಟ್ ಅನ್ನುವ ಪುಟ್ಟ ಕಿತ್ತಳೆ. ಬಲಗೈಯಿಂದ ತಿನ್ನುತ್ತಾ ಎಡಗೈಯಿಂದ ಮರಳು ಕಾಗದ, ರೇಷ್ಮೆ, ಮಖಮಲ್ ಸವರಬೇಕು. ಬಡಿಸುವವರು ಕತ್ತಿನ ಹಿಂಭಾಗಕ್ಕೆ ಕಾರ್ನೇಶನ್ ಹೂವಿನ ಸುಗಂಧ ಚಿಮುಕಿಸ್ತಾರೆ. ಅಡುಗೆಮನೆಯಿಂದ ವಿಮಾನದ ಎಂಜಿನ್ ಸದ್ದು, ಜೊತೆಗೆ ಬಾಖ್ ಸಂಗೀತ.

ನಮ್ಮಲ್ಲಿ ಸೋಂಪಿನ ಗಡ್ಡೆ ಎಲ್ಲ ಕಡೆ ಸಿಗಲ್ಲ. ಎಳೆ ಸೌತೆಕಾಯಿಯ ಹೋಳಿಗೆ ನೆನೆಸಿ ಜಜ್ಜಿದ ಸೋಂಪು ಬೆರೆಸಿ ಅರ್ಧ ಗಂಟೆ ಇಟ್ಟರೆ ಆ ಪರಿಮಳ ಹತ್ತಿರ ಹತ್ತಿರ ಬರುತ್ತೆ. ಕಮ್‌ಕ್ವಾಟ್ ಬದಲು ಸಿಪ್ಪೆ ಸಮೇತ ತೆಳ್ಳಗೆ ಹೆಚ್ಚಿದ ಕಿತ್ತಳೆ. ಸಿಪ್ಪೆಯ ಕಹಿ ಬೇಕೇ ಬೇಕು, ಬಿಡಿಸಿದ ತೊಳೆ ಬರೀ ಸಿಹಿಯಾಗುತ್ತೆ. ಮರಳು ಕಾಗದ 400 ನಂಬರ್‌ಗಿಂತ ನಯವಾದ್ದು ತನ್ನಿ, ಒರಟಾದ್ದು ಬೆರಳು ತರಚುತ್ತೆ. ಬಾಟಲಿ ಸುಗಂಧ ಚಿಮುಕಿಸಿದರೆ ಬಾಯಿಗೂ ಅದೇ ರುಚಿ ಹತ್ತುತ್ತೆ. ಪಕ್ಕದಲ್ಲಿ ಸಂಪಿಗೆ ಅಥವಾ ದುಂಡು ಮಲ್ಲಿಗೆ ಇಟ್ಟರೆ ಸಾಕು. ಹೀಗೆ ಮಾಡಿ ತಿಂದಾಗ ತಿಳಿಯುತ್ತೆ, ಆಲಿವ್‌ನ ಉಪ್ಪು ಬೆರಳಿನಡಿ ಒರಟು ಇದ್ದಾಗ ಒಂದು ಥರ, ನಯ ಇದ್ದಾಗ ಇನ್ನೊಂದು ಥರ. ಆ ಪುಸ್ತಕದ ಒಳಗೆ ಗಂಭೀರವಾದ ಒಂದು ಪ್ರಯೋಗ ಇದೆ.

ಮಾಡಬಾರದ್ದು: ಬಿಸಿ ಕಪ್ಪು ಕಾಫಿಯಲ್ಲಿ ಸಲಾಮಿ (ಮಾಂಸದ ಸಾಸೇಜು) ನಿಲ್ಲಿಸಿ ಓಡಿಕೊಲೋನ್ ಅನ್ನುವ ಸುಗಂಧ ಸುರಿಯುವ ಪಾಕ. ಅಂಗಡಿಯ ಕೊಲೋನ್‌ನಲ್ಲಿರುವ ಆಲ್ಕೋಹಾಲ್ ಹೊಟ್ಟೆಗೆ ಹೋಗುವಂಥದ್ದಲ್ಲ. ಕೋಳಿಯ ಒಳಗೆ ಉಕ್ಕಿನ ಗುಂಡು ತುಂಬಿ ಬೇಯಿಸುವ ಪಾಕವೂ ಇದೆ, ಅದು ಹಲ್ಲಿಗೆ ಕುತ್ತು.

ಇನ್ನೊಂದು ಸಾಲ್ವಡಾರ್ ಡಾಲಿಯ ‘ಲೆ ದಿನೇ ದ ಗಾಲಾ’, 1973. ತಾಶನ್ ಪ್ರಕಾಶನ 2016ರಲ್ಲಿ ಮತ್ತೆ ಮುದ್ರಿಸಿದೆ. 12 ಅಧ್ಯಾಯ, 136 ಪಾಕ. ಪ್ಯಾರಿಸ್ಸಿನ ಮ್ಯಾಕ್ಸಿಮ್ಸ್, ಲಾ ತೂರ್ ದಾರ್ಜಾನ್‌ನಂಥ ಊಟದ ಮನೆಗಳ ಪಾಕಗಳು ಇದರಲ್ಲಿವೆ, ಹಾಗಾಗಿ ಚಿತ್ರ ಹುಚ್ಚುಹುಚ್ಚಾಗಿದ್ದರೂ ಪಾಕ ಗಟ್ಟಿ. ಆದರೆ ಬಹುಪಾಲು ಮಾಂಸ, ಮೀನು, ಕಪ್ಪೆ, ಬಸವನಹುಳು. ಸಸ್ಯಾಹಾರಿ ಮನೆಗೆ ಇದು ಚಿತ್ರದ ಪುಸ್ತಕ, ದೊಡ್ಡ ಗಾತ್ರದ್ದು.

ಪುಟಮಡಿಕೆ

ಹೆಸರು ನೋಡಿ ಮೋಸ ಹೋಗಬೇಡಿ ಅನ್ನಲು ಬಂದೆ. ಬ್ರಿಟನ್ನಿನಲ್ಲಿ 1978ರಿಂದ ವರ್ಷದ ಅತಿ ವಿಚಿತ್ರ ಶೀರ್ಷಿಕೆಗೆ ಡಯಾಗ್ರಾಮ್ ಪ್ರಶಸ್ತಿ ಕೊಡ್ತಾರೆ. ಪಟ್ಟಿ ಮಾಡುವವರೆಲ್ಲ ಅಲ್ಲಿಂದಲೇ ಎತ್ತುತ್ತಾರೆ. 2011ರಲ್ಲಿ ಗೆದ್ದ ‘ಕುಕಿಂಗ್ ವಿತ್ ಪೂ’ ಹಾಸ್ಯದ ಪುಸ್ತಕವೇ ಅಲ್ಲ. ಪೂ ಅನ್ನುವುದು ಬ್ಯಾಂಕಾಕ್‌ನ ಕ್ಲಾಂಗ್ ತೋಯಿ ಕೊಳೆಗೇರಿಯಲ್ಲಿ ಅಡುಗೆ ಶಾಲೆ ನಡೆಸುವ ಲೇಖಕಿಯ ಅಡ್ಡಹೆಸರು. ಒಳಗಿರುವುದು ಒಳ್ಳೆಯ ಥಾಯ್ ಅಡುಗೆ. ಅದಕ್ಕಾಗಿಯೇ ಕೊಳ್ಳಿ, ಮೀನಿನ ಸಾಸ್ ಬದಲು ಉಪ್ಪು ಮತ್ತು ಸೋಯಾ ಸಾಸ್ ಬಳಸಿ. 2018ರ ‘ದಿ ಜಾಯ್ ಆಫ್ ವಾಟರ್‌ಬಾಯಿಲಿಂಗ್’ ನೀರು ಕಾಯಿಸುವ ಕೆಟಲ್‌ನಲ್ಲೇ ಅಡುಗೆ ಮಾಡುವ ಬಗ್ಗೆ. ಹೆಸರು ಇಂಗ್ಲಿಷ್, ಒಳಗೆ ಜರ್ಮನ್. 2008ರಲ್ಲಿ ಗೆದ್ದದ್ದು 60 ಮಿಲಿಗ್ರಾಂ ಫ್ರೊಮಾಜ್ ಫ್ರೇ (ಮೊಸರಿನಂಥ ಮೆದು ಚೀಸ್) ಡಬ್ಬಿಗಳ ಜಾಗತಿಕ ಮಾರುಕಟ್ಟೆಯ ಮುನ್ನೋಟ. ಕಂಪ್ಯೂಟರ್ ತಯಾರಿಸಿದ ವರದಿ, ತಿನ್ನಲಿಕ್ಕೂ ಇಲ್ಲ, ಓದಲಿಕ್ಕೂ ಇಲ್ಲ.

ಓದಿ ನಗಲಿಕ್ಕೆ ಮಾತ್ರ ಎರಡು ಸೇರಿಸಿ. ಜೇಮ್ಸ್ ಲಿಲೆಕ್ಸ್ ಅವರ ‘ದಿ ಗ್ಯಾಲರಿ ಆಫ್ ರಿಗ್ರೆಟಬಲ್ ಫುಡ್’ (2001) ಅಮೆರಿಕದ ಹಳೆ ಜಾಹೀರಾತು ಪಾಕಪುಸ್ತಿಕೆಗಳ ಭಯಂಕರ ಫೋಟೊಗಳ ಸಂಗ್ರಹ. ಜೇಮ್ಸ್ ಹ್ಯಾಮಿಲ್ಟನ್-ಪ್ಯಾಟರ್ಸನ್ ಅವರ ‘ಕುಕಿಂಗ್ ವಿತ್ ಫೆರ್ನೆಟ್ ಬ್ರಾಂಕಾ’ (2004) ಕಾದಂಬರಿ. ಅದರ ನಾಯಕ ಚಾಕೊಲೇಟ್‌ನಲ್ಲಿ ಚಿಪ್ಪುಮೀನು ಬೇಯಿಸುವಂಥ ಪಾಕಗಳನ್ನು ಪೂರ್ತಿ ವಿಶ್ವಾಸದಿಂದ ಹೇಳ್ತಾನೆ. ಒಂದನ್ನೂ ಮಾಡಬೇಡಿ.

ಮಗುವಿಗೆ: ‘ರೋಲ್ಡ್ ಡಾಲ್ಸ್ ರಿವೋಲ್ಟಿಂಗ್ ರೆಸಿಪೀಸ್’, 1994, ಚಿತ್ರ ಕ್ವೆಂಟಿನ್ ಬ್ಲೇಕ್. ಹೆಸರುಗಳು ಅಸಹ್ಯ, ತಿನಿಸುಗಳು ರುಚಿ. ಸೌತೆಕಾಯಿ ಕೊರೆದು ತುಂಬುವ ‘ಸ್ನಾಜ್‌ಕಂಬರ್’ನಿಂದ ಶುರುಮಾಡಿಸಿ, ಒಲೆ ಬೇಡ. ಒಳಗೆ ಟೊಮೆಟೊ, ಗಟ್ಟಿ ಮೊಸರು, ತುರಿದ ಪನೀರ್ ತುಂಬಬಹುದು. ತಿರುಳು ತೆಗೆದ ಮೇಲೆ ಒಳಗೆ ಉಪ್ಪು ಸವರಿ 15 ನಿಮಿಷ ಬೋರಲು ಹಾಕಿ, ನೀರು ಇಳಿದ ಮೇಲೆ ಒರೆಸಿ ತುಂಬಿಸಿ. ಇಲ್ಲದಿದ್ದರೆ ತಟ್ಟೆ ತುಂಬಾ ನೀರು.

ಹಳೆಹೊತ್ತಿಗೆ

ನಮ್ಮ ಕಡೆಯದ್ದನ್ನೂ ಸೇರಿಸ್ತೀನಿ. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’. ಪಾಕ ಇಲ್ಲ, ಆದರೆ ಅಡುಗೆಯ ಬಗ್ಗೆ ಕನ್ನಡದಲ್ಲಿ ಇಷ್ಟು ನಗಿಸುತ್ತಾ ಇಷ್ಟು ಕಲಿಸುವ ಪುಸ್ತಕ ನನಗೆ ಬೇರೆ ಕಾಣದು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ, ಇವೆಲ್ಲ ಸಾಗರ ದಾಟಿ ಬಂದವು ಅನ್ನುವುದನ್ನು ಸಸ್ಯಶಾಸ್ತ್ರಜ್ಞರು ಹರಟೆಯ ದನಿಯಲ್ಲಿ ಹೇಳಿದ್ದಾರೆ.

ಅದನ್ನು ಓದಿ ಮುಗಿಸಿ ‘ಮಾನಸೋಲ್ಲಾಸ’ದಲ್ಲಿ ಊಟದ ಬಗ್ಗೆ ಇರುವ ಭಾಗ ಅನ್ನಭೋಗ ತೆಗೆಯಿರಿ. 12ನೇ ಶತಮಾನದಲ್ಲಿ ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ್ದು. ಹೊಳೆ ದಂಡೆ ಹೊಲದ ಇಲಿಯನ್ನು ಬಿಸಿ ಎಣ್ಣೆಗೆ ಹಾಕಿ ಕೂದಲು ತೆಗೆಯುವ ವಿಧಾನ ಕೂಡ ಅದರಲ್ಲಿದೆ, ಅರಸನ ಊಟಕ್ಕೆ. ಖಾರಕ್ಕೆ ಕರಿಮೆಣಸು, ಎಲ್ಲೂ ಮೆಣಸಿನಕಾಯಿ ಇಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಕನ್ನಡ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲೂ ಇಲ್ಲ. ಇಡೀ ಅಡುಗೆ ಪುಸ್ತಕವನ್ನು ಪದ್ಯದಲ್ಲಿ ಬರೆದದ್ದಕ್ಕೆ ಆತನನ್ನು ಈ ಪಟ್ಟಿಯಲ್ಲಿ ಸೇರಿಸಲೇಬೇಕು.

ಮಾನಸೋಲ್ಲಾಸದಿಂದ ಮಾಡಿ ನೋಡಬಹುದಾದ್ದು ‘ಇಡರಿಕಾ’. ಉದ್ದಿನ ಹಿಟ್ಟಿನ ಚಿಕ್ಕ ಉಂಡೆಗಳನ್ನು ತುಪ್ಪದಲ್ಲಿ ಕರಿದು ಮೆಣಸು, ಜೀರಿಗೆ, ಇಂಗು ಉದುರಿಸುವುದು. ಕೆಳಗಿನ ಅಳತೆ ಇಂದಿನ ಅಡುಗೆಮನೆಗೆ ಕೂಡಿಸಿದ್ದು.

ಉದ್ದಿನಬೇಳೆ 1 ಕಪ್ ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, 2ರಿಂದ 3 ಟೇಬಲ್ ಚಮಚ ನೀರು ಮಾತ್ರ ಚಿಮುಕಿಸುತ್ತಾ ರುಬ್ಬಿ. ಉಪ್ಪು ½ ಟೀ ಚಮಚ ಕರಿಯುವ ಹೊತ್ತಿಗೆ ಸೇರಿಸಿ, ಮೊದಲೇ ಹಾಕಿದರೆ ಹಿಟ್ಟು ಸಡಿಲವಾಗುತ್ತೆ. ಕೈಯಲ್ಲಿ ಒಂದೇ ದಿಕ್ಕಿಗೆ ಐದು ನಿಮಿಷ ಬೀಸಿ ಕಲಸಿ. ಒಂದು ಚಿಟಿಕೆ ಹಿಟ್ಟು ನೀರಿಗೆ ಹಾಕಿದರೆ ತೇಲಬೇಕು. ಮುಳುಗಿದರೆ ಗಾಳಿ ಸಾಲದು, ಒಳಗೆ ಗಟ್ಟಿ ಉಳಿಯುತ್ತೆ. ನೆಲ್ಲಿಕಾಯಿ ಗಾತ್ರದ ಉಂಡೆ, ಮಧ್ಯಮ ಉರಿ. ತುಪ್ಪ ಹೊಗೆಯಾಡುವಷ್ಟು ಕಾದರೆ ಹೊರಗೆ ಕಪ್ಪು, ಒಳಗೆ ಹಸಿ. ಹಿಟ್ಟು ನೀರಾಗಿದ್ದರೆ ತುಪ್ಪ ಕುಡಿಯುತ್ತೆ. ಬಿಸಿ ಇರುವಾಗಲೇ ಮೆಣಸಿನ ಪುಡಿ ½ ಟೀ ಚಮಚ, ಹುರಿದ ಜೀರಿಗೆ ಪುಡಿ ½ ಟೀ ಚಮಚ, ಚಿಟಿಕೆ ಇಂಗು ಉದುರಿಸಿ ಅಲ್ಲಾಡಿಸಿ. ಇಲ್ಲಿ ಮೆಣಸು ಅಂದರೆ ಕಾಳುಮೆಣಸು, ಅಚ್ಚಖಾರದ ಪುಡಿ ಅಲ್ಲ.

ಮಾನಸೋಲ್ಲಾಸದ ಸಂಸ್ಕೃತ ಮೂಲ ಗಾಯಕವಾಡ ಓರಿಯೆಂಟಲ್ ಸೀರೀಸ್‌ನಲ್ಲಿ ಮೂರು ಸಂಪುಟವಾಗಿ ಬಂದಿದೆ. ಅನ್ನಭೋಗ ಇರುವುದು ಮೂರನೇ ವಿಂಶತಿಯಲ್ಲಿ (ಇಪ್ಪತ್ತು ಅಧ್ಯಾಯಗಳ ಭಾಗ), ಗ್ರಂಥಾಲಯದಲ್ಲಿ ಕೇಳುವಾಗ ಅಷ್ಟು ಹೇಳಿ.

ಒಗ್ಗರಣೆಸೌಟು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕೊಳ್ಳುವ ಪಟ್ಟಿಗೆ ಬ್ರ್ಯಾಕನ್, ರೋಲ್ಡ್ ಡಾಲ್, ಸ್ವಾಮಿ. ಗ್ರಂಥಾಲಯದ ಪಟ್ಟಿಗೆ ಸಾಲ್ವಡಾರ್ ಡಾಲಿ, ಮಾನಸೋಲ್ಲಾಸ, ಎಂಜಿನ್ ಪುಸ್ತಕ. ಹಳೆಹೊತ್ತಿಗೆ ಅವರೇ, ಇಡರಿಕಾಕ್ಕೆ ಉದ್ದಿನಬೇಳೆ ಮಿಕ್ಸಿಯಲ್ಲಿ ರುಬ್ಬಿದರೆ ಆಗುತ್ತಾ, ಗ್ರೈಂಡರೇ ಬೇಕಾ?

ಹಳೆಹೊತ್ತಿಗೆ

ಮಿಕ್ಸಿ ಸಾಕು. ಹಿಟ್ಟು ಬಿಸಿಯಾಗಬಾರದು ಅಷ್ಟೇ. ರುಬ್ಬುವಾಗ ಚಿಮುಕಿಸುವ ನೀರು ಫ್ರಿಜ್ಜಿನದಿರಲಿ, 20 ಸೆಕೆಂಡ್ ತಿರುಗಿಸಿ ಒಂದು ನಿಮಿಷ ಬಿಡಿ, ಅರ್ಧ ಕಪ್‌ನಂತೆ ಎರಡು ಸಲ ರುಬ್ಬಿ.